ಪಟ್ಟಿಯ ಹನ್ನೊಂದನೇ ಹೆಸರು

ಪಟ್ಟಿಯ ಹನ್ನೊಂದನೇ ಹೆಸರನ್ನು ನಿದಾ ಎರಡು ಸಲ ಓದಿದಳು. ಅದು ಮುಯೀನನ ಜಾಲತಾಣ!

2018ರ ಮೇ ತಿಂಗಳು. ಮಲೇಷ್ಯಾದಲ್ಲಿ ಚುನಾವಣೆಗೆ ಇನ್ನು ಆರೇ ದಿನ. ನಿದಾ ಪೆಟಾಲಿಂಗ್ ಜಯಾದ ಇಂಟರ್ನೆಟ್ ಕಂಪನಿಯೊಂದರಲ್ಲಿ ಎಂಜಿನಿಯರ್. ಸರ್ಕಾರದಿಂದ ಬರುವ ಪಟ್ಟಿಯಲ್ಲಿದ್ದ ತಾಣಗಳು ಜನರಿಗೆ ತೆರೆಯದಂತೆ ಮಾಡುವ ಕೆಲಸ ಈ ವಾರ ಅವಳ ತಲೆಗೆ ಬಿದ್ದಿತ್ತು. ಯಾಕೆ ಎಂದು ಕೇಳುವಂತಿಲ್ಲ, ಹೊರಗೆ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ.

ಮುಯೀನ್ ಭಟ್ಕಳದವನು, ಕ್ಲಾಂಗ್ ಬಂದರಿನಲ್ಲಿ ಕೆಲಸ. ಯಾವ ಗೇಟಿನಲ್ಲಿ ಎಷ್ಟು ಲಾರಿ ನಿಂತಿವೆ ಎಂದು ಚಾಲಕರು ಒಬ್ಬರಿಗೊಬ್ಬರು ತಿಳಿಸಿಕೊಳ್ಳಲಿ ಎಂದು ಬಿಡುವಿನಲ್ಲಿ ಕಟ್ಟಿದ ತಾಣ ಅದು. ಗಂಟೆಗಟ್ಟಲೆ ಸಾಲಿನಲ್ಲಿ ಕೂತವರು ಸುಮ್ಮನಿರುತ್ತಾರೆಯೇ? ಚುನಾವಣೆ ಬಂದದ್ದೇ ತಡ, ಗೇಟಿನ ಸುದ್ದಿ ಹಿಂದಾಗಿ ಮಂತ್ರಿಗಳ ಸುದ್ದಿ ಮುಂದಾಯಿತು.

ಅವನ ಮನೆಮಾತು ನವಾಯತಿ, ಹುಬ್ಬಳ್ಳಿಯ ನಿದಾಳದು ಉರ್ದು. ಪುಚೊಂಗ್‌ನಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಾಕ್ ಹೋಟೆಲಿನಲ್ಲಿ ಒಂದೇ ಕುರ್ಚಿಗೆ ಇಬ್ಬರೂ ಕೈ ಹಾಕಿದಾಗ ಅವಳು ಕನ್ನಡದಲ್ಲಿ ಗೊಣಗಿದ್ದಳು, ಅವನು ಕನ್ನಡದಲ್ಲೇ ಉತ್ತರ ಕೊಟ್ಟಿದ್ದ. ಅಂದಿನಿಂದ ಅವರ ಪ್ರೀತಿಗೂ ಅದೇ ಭಾಷೆ. ರಂಜಾನ್ ಕಳೆದ ಮೇಲೆ ನಿಕಾಹ್ ಎಂದು ಎರಡೂ ಮನೆಯವರು ಒಪ್ಪಿದ್ದರು.

ಹೇಳಿಬಿಡಲೇ? ಹೇಳಿದರೆ ನನ್ನ ಕಥೆ ಮುಗಿಯಿತು. ಹೇಳದಿದ್ದರೆ... ಯಾವ ಮುಖ ಇಟ್ಟುಕೊಂಡು ಅವರ ಎದುರು ಕೂರಲಿ?

ಮೂರು ಗಂಟೆಗೆ ತಡೆಯಲಾರದೆ ಫೋನ್ ಮಾಡಿದಳು. ಪಕ್ಕದ ಮೇಜಿನಲ್ಲೇ ಮೇಲಧಿಕಾರಿ ವಾಸಂತಿ ಕೂತಿದ್ದರು.

"ಊಟ ಆತೇನ್ರಿ?" ಎಂದಷ್ಟೇ ಕೇಳಿದಳು.

"ನಿಮ್ಮ ಕೆಲಸ ನೀವು ಮಾಡಿ, ನಿದಾ" ಎಂದ ಮುಯೀನ್.

ಹತ್ತು ನಿಮಿಷದಲ್ಲಿ ಅವಳ ಕೈಯೇ ಆ ತಾಣವನ್ನು ಮುಚ್ಚಿತು. ನಾಲ್ಕಕ್ಕೆ ಅವನಿಂದ ಎರಡು ಸಾಲು ಬಂತು. ಇವತ್ತು ಹೋಟೆಲಿಗೆ ಬರಬೇಡಿ. ಫೋನೂ ಮಾಡಬೇಡಿ.

ಗೊತ್ತಾಗಿಹೋಗಿದೆ... ನನ್ನ ಮುಖವೂ ಬೇಡವಾಗಿದೆ ಅವರಿಗೆ!

ಬೇಡ ಎಂದರೂ ಕಾಲು ಕೇಳಲಿಲ್ಲ. ರೈಲಿಳಿದು ಹೋಟೆಲಿಗೆ ಬಂದಾಗ ಏಳು ದಾಟಿತ್ತು. ಮುಯೀನ್ ಎಂದಿನ ಮೂಲೆಯಲ್ಲೇ ಕೂತಿದ್ದ. ಎದುರಿಗಿದ್ದ ನೀರನ್ನೂ ಖರ್ಜೂರವನ್ನೂ ಮುಟ್ಟಿರಲಿಲ್ಲ.

"ನಾನ ಮುಚ್ಚಿದ್ದರಿ" ಎಂದಳು ನಿಂತುಕೊಂಡೇ. "ನನ್ನ ಕೈಯಾರೆ. ಬೈರಿ, ಬೇಕಾದ್ರ ನಿಕಾಹ್ ಬ್ಯಾಡ ಅನ್ರಿ. ಮಾತ್ ಮಾತ್ರ ಬಿಡಬ್ಯಾಡ್ರಿ..."

"ಗೊತ್ತಿತ್ತು."

"ಹ್ಯಾಂಗ?"

"ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಸಹರಿ ಊಟಕ್ಕೆ ಎಬ್ಬಿಸಿದ್ದು ಯಾರು? ರೋಜಾ ಇದ್ದವನ ಹತ್ರ ಮೂರು ಗಂಟೆಗೆ ಊಟ ಆಯ್ತಾ ಅಂತ ಕೇಳಿದ್ರೆ, ಏನೋ ಆಗಿದೆ ಅಂತ ಗೊತ್ತಾಗುದಿಲ್ವಾ?"

ನಿದಾ ಬೆಪ್ಪಾದಳು. ಹೋದ ವರ್ಷ ಜ್ವರದಲ್ಲಿ ತಪ್ಪಿದ ರೋಜಾ ಉಪವಾಸಗಳನ್ನು ಅವನು ಈ ಸಲದ ರಂಜಾನ್ ಬರುವ ಮೊದಲು ತೀರಿಸುತ್ತಿದ್ದ. ಅದನ್ನೇ ಮರೆತಿದ್ದಳಲ್ಲ!

ತಾಣ ತೆರೆಯದಾದಾಗ ಅವನಿಗೆ ಎಲ್ಲವೂ ಹೊಳೆದಿತ್ತು. ಯಾರಾದರೂ ಹುಡುಕಿಕೊಂಡು ಬಂದರೆ ಅವಳು ತನ್ನ ಜೊತೆ ಕಾಣಬಾರದೆಂದೇ ಬರಬೇಡಿ ಎಂದಿದ್ದ. ಕೆಲಸದ ಪಾಸು ರದ್ದು ಮಾಡಿ ತನ್ನನ್ನು ಊರಿಗೆ ಅಟ್ಟಿದರೂ ಅಟ್ಟಿಯಾರು, ಚುನಾವಣೆ ಮುಗಿಯುವವರೆಗೆ ದೂರವಿರಿ ಎಂದು ಈಗಲೂ ತಗ್ಗಿದ ದನಿಯಲ್ಲಿ ಬೇಡಿಕೊಂಡ.

ಅವಳು ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತಳು.

"ಕಳಿಸಿದ್ರ ಇಬ್ಬರನ್ನೂ ಕಳಿಸ್ಲಿ."

ಮುಯೀನ್ ಬಾಗಿಲ ಕಡೆ ಒಮ್ಮೆ ನೋಡಿದ. ಅವಳು ಅಲುಗಾಡಲಿಲ್ಲ. ಅಷ್ಟರಲ್ಲಿ ಹತ್ತಿರದ ಮಸೀದಿಯಿಂದ ಅಜಾನ್ ಕೇಳಿಸಿತು. ಅವನು ಖರ್ಜೂರ ತಿಂದು ನೀರು ಕುಡಿದು, ಇನ್ನೊಂದು ಖರ್ಜೂರವನ್ನು ಅವಳ ಅಂಗೈಯಲ್ಲಿಟ್ಟ.

"ಈಗ ಕೇಳಿ" ಎಂದ.

ನಿದಾ ಕಣ್ಣೊರೆಸಿಕೊಂಡಳು. "ಊಟ ಆತೇನ್ರಿ?"

"ಇಲ್ಲ. ನಿಮ್ಮದು?"

"ಆ ಪಟ್ಟಿ ನೋಡಿದ ಮ್ಯಾಲೆ ಒಂದ್ ತುತ್ತೂ ಇಳಿದಿಲ್ರಿ."

"ಹಾಗಾದ್ರೆ ಒಟ್ಟಿಗೆ ಮಾಡುವ."