ಹತ್ತಕ್ಕೆ ತಿರುಗಿದ್ದ ನಾಬ್

ಅರ್ಧ ಹಿಂಡಿದ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಬಕೆಟ್ಟಿನಲ್ಲಿ. ಮಗಳು ಮೆಟ್ಟಿಲಿಳಿದು ಬಂದು ತೋಳು ಜಗ್ಗಿದಳು.

"ಅಮ್ಮಾ, ಎಡಗಡೆ ಸ್ಪೀಕರ್ ಹರಿದಿದೆ."

ಬೆಡ್‌ಶೀಟು ಬಕೆಟ್ಟಿಗೇ ಮರಳಿತು.

ಮಹಡಿಯ ಕೋಣೆಯನ್ನು ಮೈದುನನ ಗಿಟಾರ್ ಅಭ್ಯಾಸಕ್ಕೆ, ಅವನು ಮಗಳಿಗೆ ಹೇಳಿಕೊಡುವ ಪಾಠಕ್ಕೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಎರಡು ಸ್ಪೀಕರ್ ಪೆಟ್ಟಿಗೆಗಳು. ಸದ್ದು ಹೆಚ್ಚಿಸುವ ಆಂಪ್ ಒಳಗೇ ಇರುವಂಥವು, ಒಂದೇ ಅಚ್ಚಿನ ಅವಳಿಗಳು. ಒರೆಸಲೆಂದು ಮುಂದಿನ ಜಾಲರಿಗಳನ್ನು ಅವನು ಹಿಂದಿನ ದಿನವೇ ತೆಗೆದಿಟ್ಟಿದ್ದ. ಎಡಗಡೆಯದರಲ್ಲಿ ಅದುರಿ ಸದ್ದು ಹೊರಡಿಸುವ ಕಪ್ಪು ಕಾಗದದ ಕೋನು ಗೇಣುದ್ದ ಸೀಳಿತ್ತು. ಪೆಟ್ಟಿಗೆಯ ಬೆನ್ನಿನ ನಾಬ್ ಹತ್ತಕ್ಕೆ ತಿರುಗಿತ್ತು. ಗಿಟಾರಿಗೂ ಪೆಟ್ಟಿಗೆಗಳಿಗೂ ನಡುವೆ ನೆಲದ ಮೇಲಿದ್ದ ಪೆಡಲ್ ಎಂದಿನಂತೆ ಎರಡರಲ್ಲೇ ಇತ್ತು.

ಗಂಡ ಆಗಲೇ ಬಂದು ನಿಂತಿದ್ದ.

"ನೋಡು, ಹತ್ತಕ್ಕಿಟ್ಟಿದ್ದಾನೆ. ಎರಡು ಸಾವಿರ ವಾಟ್ ಅಂದ್ರೆ ಹುಡುಗಾಟವಾ? ಇವತ್ತು ಸ್ಪೀಕರ್, ನಾಳೆ ಮಗು ಕಿವಿ. ಈ ಪಾಠ ಗೀಠ ಇಲ್ಲಿಗೆ ಸಾಕು."

ಒಳಬಂದ ಮೈದುನ ಸೀಳನ್ನು ನೋಡಿದ, ನಾಬ್ ನೋಡಿದ, ಆಮೇಲೆ ಮಗುವನ್ನು ನೋಡಿದ.

"ನಾನೇ ಅಣ್ಣ. ನಿನ್ನೆ ಸಂಜೆ ಜೋರಾಗಿಟ್ಟೆ. ಬೇರೆ ರೂಮು ನೋಡ್ಕೋತೀನಿ ಬಿಡು."

"ನಿನ್ನೆ ಸಂಜೆ ನೀನೆಲ್ಲಿದ್ದೆ?" ಅವಳು ಕೇಳಿದಳು.

"ಇಲ್ಲೇ, ಅತ್ತಿಗೆ."

"ಸುಳ್ಳಿಗೂ ಒಂದು ಲಕ್ಷಣ ಬೇಕು ಕಣೋ. ಏಳು ಗಂಟೆವರೆಗೂ ನೀನು ಹೊರಗಿದ್ದೆ. ಬಂದವನು ಮಹಡಿ ಹತ್ತಲೇ ಇಲ್ಲ. ಇಲ್ಲಿ ನುಡಿಸ್ತಾ ಇದ್ದಿದ್ದು ಇವಳೊಬ್ಬಳೇ."

ಮಗಳು ಏನೋ ಕೇಳಲು ಬಾಯಿ ತೆರೆದಳು. ಅಪ್ಪನ ಮುಖ ನೋಡಿ ಮುಚ್ಚಿಕೊಂಡಳು.

ಮಗುವಿನ ತಪ್ಪೆಂದುಕೊಂಡು ಇವನು ತಲೆ ಕೊಡುತ್ತಿದ್ದಾನೆ! ತಾನು ಸುಮ್ಮನಿದ್ದರೆ ಇವನಿಗೆ ಮನೆ ತಪ್ಪುತ್ತದೆ, ಮಗಳಿಗೆ ಗಿಟಾರ್ ತಪ್ಪುತ್ತದೆ.

ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವುದು ಅವಳ ಕೆಲಸ. ಅಲ್ಲಿಗೆ ಬರುವ ಮಕ್ಕಳಿಗೆ ಅವಳು ಕಿವಿಯಮ್ಮ. ಸದ್ದು ಅಳೆಯುವ ಮೀಟರು ಬ್ಯಾಗಿನಲ್ಲೇ ಇತ್ತು. ತಂದಳು. ಚೆನ್ನಾಗಿದ್ದ ಬಲಗಡೆ ಪೆಟ್ಟಿಗೆಯ ನಾಬನ್ನೂ ಹತ್ತಕ್ಕೆ ತಿರುಗಿಸಿದಳು. ಪೆಡಲನ್ನು ಮುಟ್ಟಲಿಲ್ಲ.

"ನುಡಿಸಪ್ಪ."

ಗಿಟಾರ್ ಮೆಲ್ಲಗೆ ಉಲಿಯಿತು.

"ಎಪ್ಪತ್ತು ಡೆಸಿಬೆಲ್," ಎಂದಳು ಮೀಟರು ನೋಡಿ. "ನಾವು ಊಟಕ್ಕೆ ಕೂತು ಹರಟೋ ಅಷ್ಟು."

ಗಂಡ ಬಗ್ಗಿ ನೋಡಿದ. "ನಾಬ್ ಹತ್ತರಲ್ಲೇ ಇದೆಯಲ್ಲ?"

"ಇದೆ. ಪುಟ್ಟಾ, ನೀನು ಕೆಳಗೆ ಹೋಗು. ಕರೆದಾಗ ಬಾ."

ದೊಡ್ಡವರು ಮೂವರೂ ಕಿವಿಗೆ ಬಿರಡೆ ಹಾಕಿಕೊಂಡರು. ಅವಳು ಪೆಡಲನ್ನು ಹತ್ತಕ್ಕೇರಿಸಿದಳು. ಕಿಟಕಿಯ ಗಾಜು ಗಡಗಡ ಎಂದಿತು. ಎದೆಯೊಳಗೆ ಯಾರೋ ಗುದ್ದಿದಂತಾಯಿತು. ನೂರ ಹದಿನೈದು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿಕೊಂಡಿತು. ಮೈದುನ ಎಷ್ಟು ಬಾರಿಸಿದರೂ ಮೀಟರು ಅಲ್ಲಿಂದ ಮೇಲೇರಲಿಲ್ಲ. ಕೋನೂ ಹರಿಯಲಿಲ್ಲ.

ಮಗಳನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡಳು.

"ಎರಡು ಸಾವಿರ ವಾಟ್ ಅನ್ನೋದು ಕಣ್ಣು ಮಿಟುಕಿಸೋ ಹೊತ್ತು ಮಾತ್ರ ಬರೋ ಶಕ್ತಿಯ ಲೆಕ್ಕ. ಇದರ ಸದ್ದು ಕಿವಿ ಕೆಡಿಸುತ್ತೆ, ನಿಜ. ತನ್ನನ್ನೇ ಹರಿಯೋ ಮಟ್ಟಕ್ಕೆ ಹೋಗೋಕೆ ಇದೇ ಬಿಡಲ್ಲ. ಮಿತಿ ಬಂದ್ರೆ ಕೆಂಪು ದೀಪ ಹಾಕಿ ತಡೆಯುತ್ತೆ. ಅದಿರಲಿ, ನಿನ್ನೆ ಜೋರೇ ಇರಲಿಲ್ಲ. ಸದ್ದನ್ನ ಏರಿಸಿ ಇಳಿಸೋದು ಪೆಡಲಲ್ಲಿ. ಮಗು ಕಿವಿಗೆ ಅಂತ ಎರಡರ ಮೇಲೆ ಹೋಗಕೂಡದು ಅಂದವಳು ನಾನು. ಈಗ ನಾನು ಮೇಲೆ ಬಂದಾಗಲೂ ಅದು ಎರಡರಲ್ಲೇ ಇತ್ತು." ಮೈದುನನತ್ತ ತಿರುಗಿದಳು. "ನೀನಾದ್ರೂ ನೋಡಬಾರದಿತ್ತಾ? ಇವಳ ಮುಖ ನೋಡಿ ಕರಗಿಹೋದೆ."

"ಹಾಗಾದ್ರೆ ಈ ನಾಬ್?" ಮೈದುನ ಕೇಳಿದ.

"ಕೈಯಾರೆ ಸೀಳಿ, ತಪ್ಪನ್ನ ಸದ್ದಿನ ಮೇಲೆ ಹಾಕೋಕೆ ತಿರುಗಿಸಿದ್ದು. ನಿನಗೆ ಪೆಡಲ್ ಗೊತ್ತು, ಇವಳಿಗೆ ಗೊತ್ತು, ನನಗೂ ಗೊತ್ತು. ಪೆಟ್ಟಿಗೆ ನಾಬ್ ಹತ್ತಕ್ಕಿಟ್ರೆ ಸದ್ದೂ ಹತ್ತು ಅನ್ನೋದು ಹಳೇ ಆಂಪಿನ ಕಾಲದ ಮಾತು." ಅವಳ ದನಿ ತಗ್ಗಿತು. "ಅಂಥ ಆಂಪಿಗೆ ಗಿಟಾರ್ ಸಿಕ್ಕಿಸಿ ಆರ್ಕೆಸ್ಟ್ರಾದಲ್ಲಿ ನುಡಿಸಿದವರು ಈ ಮನೇಲಿ ನೀವೊಬ್ಬರೇ, ರೀ."

ಗಂಡ ಸ್ಟೂಲಿನ ಮೇಲೆ ಕುಸಿದು ಕೂತ.

"ದಿನಾ ತಟ್ಟೆ ಮುಂದೆ ಕೂತ್ರೆ ಇವಳ ಬಾಯಲ್ಲಿ ಚಿಕ್ಕಪ್ಪ ಹೀಗಂದ, ಚಿಕ್ಕಪ್ಪ ಹಾಗಂದ," ಎಂದ. "ಹೊಟ್ಟೆ ಉರೀತಿತ್ತು ಕಣೇ. ಎಂಟು ವರ್ಷ ನುಡಿಸಿದೋನು ನಾನು. ಇವಳು ಒಂದು ದಿನ ನನ್ನ ಕೇಳಿದ್ಳಾ, ಕಲಿಸು ಅಂತ?"

ಮೈದುನ ಸೀಳಿದ ಕೋನಿನ ಅಂಚನ್ನು ಸುಮ್ಮನೆ ಸವರುತ್ತಿದ್ದ. ಮಗಳು ಅಮ್ಮನ ಕೈ ಬಿಟ್ಟು ಸ್ಟೂಲಿನ ಎದುರು ಹೋಗಿ ನಿಂತಳು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

"ಕೇಳಿದ್ರೆ ಕಲಿಸ್ತಿದ್ಯಾ, ಅಪ್ಪಾ?"