ಐದನೇ ಗ್ರೀನಿನ ಬಲಗಡೆ

ಮಂಜು ಸರಿಯುವಷ್ಟರಲ್ಲಿ ಐದನೇ ಗ್ರೀನಿನ—ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ—ಬಲಗಡೆ ಮತ್ತೊಂದು ಗಾಲ್ಫ್ ಚೆಂಡು ಬಿದ್ದಿತ್ತು. ಮೈಮೇಲೆ ಹಸಿರು ಶಾಯಿಯಲ್ಲಿ ಬರೆದ ‘ಗ’.

ಕೊಪ್ಪದ ಹೊರಗಿನ ಆ ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಚೆಂಡಿಗೆ ಹಾಗೆ ಗುರುತು ಹಾಕುತ್ತಿದ್ದವರು ಗಣಪತಿ ಒಬ್ಬರೇ. ಹೋದ ವರ್ಷ ಇದೇ ಗ್ರೀನಿನ ಎಡ ಅಂಚಿನಲ್ಲಿ, ಆಡುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಮತ್ತೆ ಏಳಲಿಲ್ಲ.

ಅವರ ಹೆಂಡತಿ ಸರ್ವಮಂಗಳಾ ಶೃಂಗೇರಿಯಿಂದ ಪತ್ತೇದಾರಿ ಅರ್ಪಣಾಳನ್ನು ಕರೆಸಿದರು.

“ಹೊಡೆಯೋ ಸದ್ದು ಕೇಳ್ತದೆ ಮೇಡಂ. ಮಂಜಲ್ಲಿ ಆಳು ಕಾಣೋದಿಲ್ಲ,” ಎಂದ ಹುಲ್ಲು ಕತ್ತರಿಸುವ ಸುಂದರೇಶ್.

“ಹತ್ತಿರ ಹೋಗಿ ನೋಡಿದ್ರಾ?”

“ಎಂತಕ್ಕೆ ನೋಡೋದು? ಅವರದ್ದೇ ಚೆಂಡಲ್ವ.”

ಗಣಪತಿಯ ಜತೆ ಆಡುತ್ತಿದ್ದ ಕಾರ್ಯದರ್ಶಿ ಸೋಮನಾಥ್ ಬೇಸರದಿಂದಲೇ ಉತ್ತರಿಸಿದರು.

“ಮುಂಜಾನೆ ನೀವು ಆಡ್ತೀರಾ?”

“ಮಂಡಿ ಆಪರೇಷನ್ ಆಗಿದೆ. ನಡೆಯೋದೇ ಕಷ್ಟ.”

“ಗಣಪತಿಯವರ ಹಳೆ ಚೆಂಡುಗಳು?”

ಸೋಮನಾಥ್ ಲಾಕರು ತೆರೆದರು. ಚೆಂಡುಗಳೆಲ್ಲ ಬೂಷ್ಟು ಹಿಡಿದು ಕೂತಿದ್ದವು—ಯಾರೂ ಮುಟ್ಟಿರಲಿಲ್ಲ.

ಅರ್ಪಣಾ ಐದನೇ ಕುಳಿಗೆ ಚೆಂಡು ಹೊಡೆಯಲು ನಿಲ್ಲುವ ಜಾಗಕ್ಕೆ ಹೋಗಿ, ಒದ್ದೆ ಮಣ್ಣನ್ನು ಬಹಳ ಹೊತ್ತು ನೋಡಿದಳು.

ಸಂಜೆ ಎಲ್ಲರನ್ನೂ ಗ್ರೀನಿನ ಬಳಿ ಸೇರಿಸಿದಳು. ಸರ್ವಮಂಗಳಾರ ಜತೆ, ಅಪ್ಪನಿಂದಲೇ ಗಾಲ್ಫ್ ಕಲಿತಿದ್ದ ಮಗಳು ಗಗನಾ ಬಂದಿದ್ದಳು.

“ಅವರೇ ಬರ್ತಿದಾರಾ?” ಸರ್ವಮಂಗಳಾ ಮೆಲ್ಲಗೆ ಕೇಳಿದರು. ಆ ದನಿಯಲ್ಲಿ ಹೆದರಿಕೆಗಿಂತ ಆಸೆಯೇ ಹೆಚ್ಚಿತ್ತು.

“ಇಲ್ಲ. ಅವರ ಚೆಂಡುಗಳು ಲಾಕರಲ್ಲೇ ಇವೆ. ಇದು ಹೊಸದು, ಶಾಯಿಯೂ ಹೊಸದು. ‘ಗ’ ನೋಡಿದ ಕೂಡಲೇ ಎಲ್ಲರೂ ಗಣಪತಿ ಅಂದ್ಕೊಂಡ್ರಿ. ನಿಮ್ಮನೇಲಿ ಇನ್ನೊಂದು ‘ಗ’ ಇದೆಯಲ್ಲ.” ಅರ್ಪಣಾ ತಿರುಗಿದಳು. “ಗಗನಾ, ನೀನೇ ಅಲ್ವ?”

ಗಗನಾ ತಲೆ ತಗ್ಗಿಸಿದಳು.

“ಅಮ್ಮ ಇಲ್ಲಿಗೆ ಬರಲೇಬೇಡ ಅಂದಿದ್ಲು. ಆದ್ರೆ ಮುಂದಿನ ತಿಂಗಳು ಪಂದ್ಯ ಇದೆ. ಬೇರೆ ಕುಳಿಗೆಲ್ಲ ಚೆಂಡು ನೇರ ಹೋಗ್ತದೆ, ಇಲ್ಲಿ ಮಾತ್ರ ಬಲಕ್ಕೆ. ಹಿಡಿತ ಬದಲಾಯಿಸಿದೆ, ಕೋಲು ಬದಲಾಯಿಸಿದೆ. ಮಂಜಲ್ಲಿ ಬಿದ್ದ ಚೆಂಡೂ ಸಿಗ್ತಿರಲಿಲ್ಲ.”

“ದೋಷ ಹಿಡಿತದಲ್ಲೂ ಇಲ್ಲ, ಕೋಲಲ್ಲೂ ಇಲ್ಲ. ಮಣ್ಣಲ್ಲಿ ನಿನ್ನ ಪಾದದ ಗುರುತು ನೋಡಿದೆ. ಹೊಡೆಯೋಕೆ ಮುಂಚೆಯೇ ನೀನು ಬಲಕ್ಕೆ ತಿರುಗಿ ನಿಂತಿರ್ತೀಯ. ಅಪ್ಪ ಬಿದ್ದ ಜಾಗ ಕಣ್ಣಿಗೆ ಬೀಳಬಾರದು ಅಂತ.”

“ತಿರುಗಿದ್ರೂ ಕಾಣ್ತಾರೆ,” ಎಂದಳು ಗಗನಾ. “ಬಿದ್ದ ಹಾಗೇ.”

ಸರ್ವಮಂಗಳಾ ಸೆರಗು ಸಿಕ್ಕಿಸಿಕೊಂಡು ಗ್ರೀನನ್ನು ದಾಟಿ, ಒಂದು ವರ್ಷದಿಂದ ಕಾಲಿಡದ ಆ ಎಡ ಅಂಚಿಗೆ ಹೋಗಿ ನಿಂತರು.

“ನಾಳೆ ಮಂಜು ಸರಿದ ಮೇಲೆ ನಾನಿಲ್ಲಿ ನಿಂತಿರ್ತೇನೆ. ನನ್ನನ್ನ ನೋಡಿ ಹೊಡಿ.”

“ಚೆಂಡು ತಗಲಿದ್ರೆ ಅಮ್ಮ?”

“ತಗಲಿದ್ರೆ, ಹೊಡೆದದ್ದು ಅವರಲ್ಲ, ನೀನು ಅಂತ ಗೊತ್ತಾಗ್ತದಲ್ಲ.”