ತೀರಾ ನೇರವಾದ ಗೆರೆ

“ಒಂದ್ನಿಮಿಷ ಬರ್ತೀರಾ?” ಎಂದು ಪತ್ತೇದಾರ ಕರೆದಾಗ ಅವಳ ಎದೆ ಧಸಕ್ಕೆಂದಿತು.

ಮನುಷ್ಯರ ಹೆಸರಿನಲ್ಲಿ ತಾವೇ ಕೆಲಸ ಮಾಡುವ ಪ್ರೋಗ್ರಾಂಗಳನ್ನು, ಅಂದರೆ ಬಾಟ್‌ಗಳನ್ನು, ಹಿಡಿಯುವುದು ಅವನ ಉದ್ಯೋಗ. ಅದಕ್ಕೇ ಆಫೀಸಿನಲ್ಲಿ ಆ ಅಡ್ಡಹೆಸರು. ಬೇರೆ ದಿನವಾಗಿದ್ದರೆ ಅವಳು ಕೂದಲು ಸರಿಮಾಡಿಕೊಂಡು ಓಡಿ ಹೋಗುತ್ತಿದ್ದಳು. ಆರು ತಿಂಗಳಿಂದ ಕ್ಯಾಂಟೀನಿನಲ್ಲಿ ಒಬ್ಬರನ್ನೊಬ್ಬರು ಕದ್ದು ನೋಡುವುದೇ ಆಗಿತ್ತು. ಇಂದು ಅವನು ಕರೆದದ್ದು ಕೆಲಸದ ದನಿಯಲ್ಲಿ. ನಿಧಾನವಾಗಿ ಎದ್ದು ಹೋದಳು.

ಅವನ ಸ್ಕ್ರೀನಿನ ಮೇಲೆ ಮೌಸ್ ಓಡಾಡಿದ ದಾರಿಯ ಎರಡು ಗೆರೆಗಳಿದ್ದವು. ಒಂದು ಬಾಗಿ ಬಳುಕಿ, ಬಟನ್ ದಾಟಿ ಹೋಗಿ, ತಪ್ಪಾಯಿತೆಂಬಂತೆ ಹಿಂದಕ್ಕೆ ಬಂದಿತ್ತು. ಇನ್ನೊಂದು ಸ್ಕೇಲಿಟ್ಟು ಎಳೆದ ಹಾಗೆ ನೇರ.

“ಮನುಷ್ಯರ ಮೌಸ್ ಹೀಗೇ ಅಡ್ಡಾದಿಡ್ಡಿ ಓಡಾಡುತ್ತೆ. ನೇರ ಹೋಗಿ ಟಕ್ ಅಂತ ನಿಲ್ಲೋದು ಪ್ರೋಗ್ರಾಂ.” ಅವನು ದನಿ ತಗ್ಗಿಸಿದ. “ಈ ನೇರದ್ದು ನಿಮ್ಮದು. ನಿಮ್ಮ ಫಾರಂಗಳನ್ನ ಬಾಟ್ ತುಂಬ್ತಿದೆ ಅಂತ ಸಿಸ್ಟಂ ಹೇಳ್ತಿದೆ. ಸಂಜೆ ರಿಪೋರ್ಟ್ ಹೋದ್ರೆ ಕೆಲಸ ಹೋಗುತ್ತೆ. ನಾನಂತೂ ನಂಬಲ್ಲ. ಆದ್ರೆ ಏನಂತ ಬರೀಲಿ?”

ನಿಜ ಹೇಳಿದರೆ ಕೆಲಸ ಉಳಿದೀತು. ಆದರೆ ಇವನು? ಅಪ್ಪನ ಕೈಗೂ ಶುರುವಿನಲ್ಲಿ ತನಗಿರುವಂಥದ್ದೇ ಸಣ್ಣ ನಡುಕ ಬಂದಿತ್ತು. ಕೊನೆಗೆ ಅಮ್ಮನೇ ಚಮಚದಲ್ಲಿ ಉಣಿಸಬೇಕಾಯಿತು. ಗೊತ್ತಿದ್ದೂ ಗೊತ್ತಿದ್ದೂ ಯಾರು ಕಟ್ಟಿಕೊಳ್ಳುತ್ತಾರೆ?

“ನನ್ ಕೈ ನಡುಗುತ್ತೆ,” ಎಂದಳು. “ಯಾರಿಗೂ ಕಾಣ್ಬಾರ್ದು ಅಂತ ಗೆರೆ ನೇರ ಮಾಡೋ ಸಾಫ್ಟ್‌ವೇರ್ ಹಾಕ್ಕೊಂಡೆ.”

ಅವನ ಮೌಸ್ ಹಿಡಿದು ತೋರಿಸಿದಳು. ಗೆರೆ ಉದ್ದಕ್ಕೂ ನಡುಗಿತು. ಅವನು ಕುರ್ಚಿಯನ್ನು ಅವಳತ್ತ ತಿರುಗಿಸಿದ.

“ಡಾಕ್ಟರಿಗೆ ತೋರಿಸಿದ್ರಾ?”

“ಇಲ್ಲ. ಅಪ್ಪಂಗೆ ಬಂದಿದ್ದೇ ಅಂದ್ಬಿಟ್ರೆ ಅಂತ ಭಯ.”

ಅವನು ಮೂರನೆಯ ಚಿತ್ರ ತೆರೆದ. ಒಂದು ಮೂಲೆಯಲ್ಲಿ ಗೆರೆಗಳು ಗೋಜಲು ಗೋಜಲಾಗಿದ್ದವು.

“ಇದು ನನ್ನ ಮೌಸ್. ಟೆಸ್ಟ್‌ಗೆ ಅಂತ ರೆಕಾರ್ಡ್ ಮಾಡ್ತೀನಿ. ಆ ಮೂಲೇಲಿರೋದು ಚಾಟ್‌ನಲ್ಲಿ ನಿಮ್ಮ ಹೆಸರು. ದಿನಾ ಅಲ್ಲೀವರೆಗೆ ಹೋಗಿ ವಾಪಸ್ ಬರ್ತೀನಿ. ಆರು ತಿಂಗಳಲ್ಲಿ ಒಂದ್ಸಲಾನೂ ಕ್ಲಿಕ್ ಮಾಡಿಲ್ಲ.” ಅವನ ಕಿವಿಗಳು ಕೆಂಪಗಾಗಿದ್ದವು.

ಭಯದ ನಡುವೆಯೂ ಅವಳಿಗೆ ನಗು ಬಂತು. “ಇಷ್ಟು ಪುಕ್ಕಲು ಪತ್ತೇದಾರನಾ!”

“ಹೂಂ. ಪುಕ್ಕಲರಿಬ್ಬರೂ ಸೇರಿ ಡಾಕ್ಟರ ಹತ್ರ ಹೋಗೋಣ.”

“ಅದೇ ಕಾಯಿಲೆ ಅಂದ್ರೆ?”

“ನಂಗೂ ಭಯ ಆಗ್ತಿದೆ,” ಎಂದ. “ಆದ್ರೂ ಬರ್ತೀನಿ.”

ರಿಪೋರ್ಟಿನಲ್ಲಿ ‘ಬಾಟ್ ಅಲ್ಲ, ಮನುಷ್ಯರೇ. ಕಣ್ಣಾರೆ ನೋಡಿದ್ದೇನೆ’ ಎಂದಷ್ಟೇ ಬರೆದು ಕಳಿಸಿದ. ಆಮೇಲೆ ಡಾಕ್ಟರ ಅಪಾಯಿಂಟ್‌ಮೆಂಟಿಗೆಂದು ಆಸ್ಪತ್ರೆಯ ಪೇಜ್ ತೆರೆದು ಮೌಸನ್ನು ಅವಳತ್ತ ಸರಿಸಿದ. ಜೊತೆಗೆ ಬರುವವರ ಸಂಬಂಧವೇನು ಎಂದು ಅದು ಕೇಳುತ್ತಿತ್ತು.

“ಸದ್ಯಕ್ಕೆ ಸ್ನೇಹಿತ ಅಂತ ಹಾಕಿ.”

ಅವಳ ಕೈ ನಡುಗಿತು. ಕರ್ಸರ್ ‘ಸ್ನೇಹಿತ’ ಎಂಬುದನ್ನು ದಾಟಿ, ಕೆಳಗಿನ ‘ಗಂಡ’ ಎಂಬುದರ ಮೇಲೆ ನಿಂತಿತು.

“ಅಯ್ಯೋ, ದಾಟಿ ಹೋಯ್ತು.”

“ಇರ್ಲಿ ಬಿಡಿ,” ಎಂದ ಅವನು, ಅವಳ ಮುಖ ನೋಡುವ ಧೈರ್ಯವಿಲ್ಲದೆ. “ವಾಪಸ್ ತರ್ಬೇಡಿ.”

ಅವಳ ಭಯವಿನ್ನೂ ಹೋಗಿರಲಿಲ್ಲ. ಹಾಗೇ, ನಡುಗುತ್ತಲೇ, ಕ್ಲಿಕ್ ಮಾಡಿದಳು.